ಬೆಳೆ ಕಾಯುವ ಕೋವಿ

ನಟರಾಜನ ಮುಂದಿನ ಎರಡು ಹಲ್ಲು ಹಾಲಿನ ಕ್ಯಾನಿನೊಳಗೆ ಬಿದ್ದ ದಿನ ಊರಿನವರು ನಗಬಾರದಿತ್ತು. ಹಲ್ಲು ಮುರಿದದ್ದನ್ನು ಅವನು ಮರೆತರೂ ಮರೆಯುತ್ತಿದ್ದನೇನೋ, ನಕ್ಕದ್ದನ್ನು ಮರೆಯಲಿಲ್ಲ.

ಜಗಳ ದಾರಿಯದು. ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ಡಾಂಬರು ರಸ್ತೆಯಿಂದ ನಟರಾಜನ ಜೋಳದ ಹೊಲಕ್ಕೆ ಗಾಡಿ ಹೋಗಬೇಕಾದರೆ ಅವನ ದೊಡ್ಡಪ್ಪನ ಮಗ ರುದ್ರೇಶನ ಹೊಲ ದಾಟಬೇಕು. ತಾತನ ಕಾಲದಿಂದ ದಾಟುತ್ತಿದ್ದರು. ಈ ವರ್ಷ ರುದ್ರೇಶ ಶುಂಠಿ ಹಾಕಿದ, ದಾರಿಗೆ ಅಡ್ಡಲಾಗಿ ಬೇಲಿಯನ್ನೂ ಹಾಕಿದ. ದಾಯಾದಿಗಳಿಗೆ ಇಷ್ಟು ಸಾಕು. ಇದಕ್ಕಿಂತ ಕಡಿಮೆಯದ್ದಕ್ಕೂ ತಲೆ ಒಡೆದುಕೊಂಡವರಿದ್ದಾರೆ. ಬೆಳಿಗ್ಗೆ ಡೈರಿಯ ಮುಂದೆ ಹಾಲು ಅಳೆಸಲು ಸಾಲು ನಿಂತಿದ್ದಾಗ ನಟರಾಜ ರುದ್ರೇಶನ ತಾಯಿಯ ಮೇಲೆ ಆಡಬಾರದ ಒಂದು ಮಾತು ಆಡಿದ. ರುದ್ರೇಶನ ಕೈಯಲ್ಲಿ ಗುದ್ದಲಿಯ ಕಾವು ಇತ್ತು. ಅದನ್ನೇ ಬೀಸಿದ. ಬಾಯೊಳಗೆ ಏನೋ ಲಟಕ್ಕೆಂದು ಮುರಿದು ನಟರಾಜ ತನ್ನದೇ ಕ್ಯಾನಿನ ಮೇಲೆ ಕವುಚಿ ಬಿದ್ದ. ತಲೆ ಎತ್ತಿದಾಗ ಹಾಲು ಕೆಂಪಾಗಿತ್ತು.

ಡೈರಿಯ ಸೆಕ್ರೆಟರಿ ಇಣುಕಿ ನೋಡಿ, "ಇದ್ನ ತಗಳಕಾಗಲ್ಲ ಕಣಪ್ಪ, ಫ್ಯಾಟ್ ಜಾಸ್ತಿ ಆಗೈತೆ," ಎಂದ. ಸಾಲಿಗೆ ಸಾಲೇ ನಕ್ಕಿತು.

ನಟರಾಜ ರಕ್ತ ಉಗುಳಿ ಎದ್ದ. "ಲೇ ರುದ್ರ, ಬನ್ನಿ ಮುಡಿಯೋ ದಿನ ಮುಗಿಯೋದ್ರೊಳಗೆ ನಿನ್ ಹೆಣ ಕೆಡವ್ತೀನಿ ಕಣ್ಲಾ," ಎಂದ. ಹಲ್ಲಿಲ್ಲದ ಸಂದಿನಿಂದ ಮಾತು ಪೀಪಿಯ ಹಾಗೆ ಹೊರಟು ಜನ ಇನ್ನೊಮ್ಮೆ ನಕ್ಕರು. ನಗದೆ ನಿಂತವಳು ಅವನ ಹೆಂಡತಿ ನೇತ್ರಾ ಒಬ್ಬಳೇ. ಗಂಡನ ಮಾತನ್ನು ಅವಳು ನಂಬಿದಳು. ಹೊಡೆಯುತ್ತೇನೆ ಎಂದವನು ಹೊಡೆಯದೆ ಬಿಟ್ಟದ್ದನ್ನು ಆ ಮನೆಯಲ್ಲಿ ಅವಳು ಕಂಡಿರಲಿಲ್ಲ.

ನಟರಾಜನದು ಎಡಗೈ. ಉಣ್ಣುವುದಕ್ಕೆ ಬಲಗೈ ಎಂದು ಚಿಕ್ಕಂದಿನಲ್ಲಿ ಬರೆ ಹಾಕಿ ಕಲಿಸಿದ್ದರು, ಅಪ್ಪನ ಕೋವಿಯನ್ನು ಹೆಗಲಿಗಿಡುವುದನ್ನೂ ಅಪ್ಪ ಬಲಗಡೆಗೇ ಕಲಿಸಿದ್ದ. ಮಿಕ್ಕಿದ್ದಕ್ಕೆಲ್ಲ ಎಡವೇ. ನೇತ್ರಾಳ ಬಲಗೆನ್ನೆಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಗೂರಿನ ತವರಿಗೆ ಹೋದಾಗ ಸೆರಗನ್ನು ಆ ಕಡೆಗೇ ಎಳೆದುಕೊಳ್ಳುತ್ತಿದ್ದಳು. ಆದರೂ ಗಂಡ ಕೊಲೆಗಾರನಾಗುವುದು ಅವಳಿಗೆ ಬೇಕಿರಲಿಲ್ಲ. ಹೊಡೆಯುವವನ ಹೆಂಡತಿಯಾಗಿ ಊರಿನಲ್ಲಿ ಬಾಳಬಹುದು, ಅಂಥವರು ಬೀದಿಗೊಬ್ಬರಿದ್ದಾರೆ. ಕೊಂದವನ ಹೆಂಡತಿಗೆ ನಲ್ಲಿಯ ಹತ್ತಿರ ಬಿಂದಿಗೆ ಇಡಲೂ ಜಾಗ ಬಿಡುವುದಿಲ್ಲ. ಬನ್ನಿಯ ದಿನ ಹೇಗಾದರೂ ಕಳೆದರೆ ಸಾಕೆಂದು ಅವಳು ಮನೆದೇವರಿಗೆ ಹರಕೆ ಕಟ್ಟಿಕೊಂಡಳು.

ಬಾಯಿ ಊದಿಕೊಂಡಿದ್ದರಿಂದ ಗಂಡಹೆಂಡತಿ ಹಾಸನಕ್ಕೆ ಹೋದರು. ಹಲ್ಲಿನ ಡಾಕ್ಟರು ಉಳಿದ ಬೇರು ಕಿತ್ತು ಹತ್ತಿ ತುರುಕಿ ಕಳಿಸಿದರು. ಬಸ್ ಸ್ಟ್ಯಾಂಡಿನ ಕಡೆಗೆ ಹೋಗುವ ಬದಲು ನಟರಾಜ ಬಂದೂಕಿನ ಅಂಗಡಿಯೊಂದರ ಮೆಟ್ಟಿಲು ಹತ್ತಿದ. ನೇತ್ರಾಳೂ ಹಿಂದೆಯೇ ಹತ್ತಿದಳು.

ಅಂಗಡಿಯ ಯಜಮಾನ ಷಡಕ್ಷರಿ ಹಣೆಯ ತುಂಬ ವಿಭೂತಿ ಬಳಿದುಕೊಂಡು ಕೂತಿದ್ದ. ಮಾರುವ ಆತುರ ಅವನಿಗೆ ಇದ್ದಂತಿರಲಿಲ್ಲ. ಬಂದೂಕು ಮಾರುವವನ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲ ಎನ್ನುವುದೇ.

"ಒಂದ್ ಪಿಸ್ತೂಲು ಬೇಕಿತ್ತು ಸಾ," ಎಂದ ನಟರಾಜ.

"ಬೇಕು ಅಂದವರಿಗೆಲ್ಲ ಕೊಟ್ಟಿದ್ರೆ ಹಾಸನದಲ್ಲಿ ನಾನೊಬ್ಬನೇ ಉಳೀತಿದ್ದೆ," ಎಂದು ಷಡಕ್ಷರಿ ನಕ್ಕ. "ಮನುಷ್ಯರಲ್ಲಿ ಜಾತಿ ಇರೋ ಹಂಗೆ ಬಂದೂಕಲ್ಲೂ ಜಾತಿ ಇದಾವೆ ಕಣಪ್ಪ. ಒಂದ್ಸಲ ಅದುಮಿ ಹಿಡಿದ್ರೆ ಗುಂಡು ಸುರಿಸ್ತಾನೇ ಇರೋವು ಮಿಲಿಟರಿಯೋರಿಗೆ. ನೀನೂ ಕೊಳ್ಳಂಗಿಲ್ಲ, ನಾನೂ ಮಾರಂಗಿಲ್ಲ. ಅದರ ಕೆಳಗೆ ಪಿಸ್ತೂಲು, ರಿವಾಲ್ವರು. ನನ್ನ ಪ್ರಾಣಕ್ಕೆ ಅಪಾಯ ಐತೆ ಅಂತ ಅರ್ಜಿ ಹಾಕ್ಬೇಕು, ಮೇಲಿನೋರು ಒಪ್ಪಬೇಕು. ಅದರ ಕೆಳಗೆ ಕಾರ್ಟ್ರಿಜ್ ಹಾಕೋ ತೋಟಾ ಕೋವಿ, ಒಂಟಿ ನಳಿಗೆದು, ಜೋಡಿ ನಳಿಗೆದು. ಅದಕ್ಕೂ ಲೈಸನ್ಸು. ಕೊನೇದು ಬಾಯಿಂದ ಮದ್ದು ತುಂಬೋ ಕೇಪಿನ ಕೋವಿ, ಬೆಳೆ ಕಾಯೋಕೆ ಅಂತ ರೈತರಿಗೆ ಕೊಡೋದು. ಅದಕ್ಕೂ ಲೈಸನ್ಸು."

"ಲೈಸನ್ಸ್ ಇಲ್ದೆ ಏನೂ ಸಿಗಲ್ವಾ?"

"ಸಣ್ಣ ಏರ್‌ಗನ್ ಸಿಗ್ತದೆ. ಕೋತಿ ಓಡಿಸ್ಬೋದು."

"ನಮ್ಮಪ್ಪಂದು ಲೈಸನ್ಸ್ ಐತೆ ಸಾ, ಬೆಳೆ ಕಾಯೋದು. ಅದ್ರ ಮ್ಯಾಲೆ ಒಂದ್ ಜೋಡಿ ನಳಿಗೇದು ಕೊಡಿ."

"ಅದರ ಮೇಲೆ ಬೇರೆ ಜಾತಿದು ಬರಲ್ಲ. ಇರೋ ಕೇಪಿನ ಕೋವೀನೂ ನಿಮ್ಮಪ್ಪನೇ ಮುಟ್ಟಬೇಕು. ನೀನು ಮುಟ್ಟಿದ್ರೆ ನಿನ್ ಮೇಲೆ ಕೇಸು, ಮುಟ್ಟೋಕೆ ಬಿಟ್ಟಿದ್ಕೆ ಅವನ ಮೇಲೂ ಕೇಸು." ಷಡಕ್ಷರಿ ಕನ್ನಡಕ ಮೇಲಕ್ಕೇರಿಸಿ ಅವನ ಬಾಯಿ ನೋಡಿದ. "ಹಲ್ಲು ಯಾರು ಮುರಿದಿದ್ದು?"

"ಬಿದ್ದೆ."

"ಬಿದ್ದ ಬಾಯಿ ಹಿಂಗಿರಲ್ಲ. ನಿನಗೆ ಏರ್‌ಗನ್ನೂ ಕೊಡಲ್ಲ. ಹೋಗು, ಒಂದು ಎಳನೀರು ಕುಡಿದು ಊರಿಗೆ ಹೋಗು."

ನಟರಾಜನ ಎಡಗೈ ಶೋಕೇಸಿನ ಗಾಜಿಗೆ ಗುದ್ದಿತು. ಗಾಜು ಬಿರಿದು ಗೆಣ್ಣುಗಳಿಂದ ರಕ್ತ ತೊಟ್ಟಿಕ್ಕಿತು. ಷಡಕ್ಷರಿ ಕೂತಲ್ಲಿಂದ ಏಳಲಿಲ್ಲ. ಅವನ ಕಣ್ಣು ನೇತ್ರಾಳ ಕೆನ್ನೆಯ ಮೇಲೆ ನಿಂತಿತ್ತು.

"ನೋಡವ್ವ," ಎಂದ. "ಲೈಸನ್ಸ್ ಕೊಡೋ ಮುಂಚೆ ಪೊಲೀಸ್ನೋರು ಅಕ್ಕಪಕ್ಕದೋರ್ನ ಕೇಳ್ತಾರೆ, ಇವನು ಎಂಥವನು ಅಂತ. ಮನೆ ಹೆಂಗಸನ್ನ ಮಾತ್ರ ಯಾರೂ ಕೇಳಲ್ಲ. ನನ್ನ ಕೇಳಿದ್ರೆ, ಮೊದಲು ಅವಳನ್ನೇ ಕೇಳ್ಬೇಕು."

ಅಷ್ಟಕ್ಕೇ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಏಟು ಬಿತ್ತು. "ಅವ್ನು ನಿನ್ ತಾವ ಯಾಕ್ ಮಾತಾಡ್ದ?" ಎಂದು ಎಲ್ಲರೆದುರು ಹೊಡೆದ. ಅವನ ಗೆಣ್ಣಿನ ರಕ್ತ ಅವಳ ಕಿವಿಯೋಲೆಗೆ ಮೆತ್ತಿಕೊಂಡಿತು. ಬಸ್ಸಿಗೆ ಕಾಯುತ್ತಿದ್ದವರು ಆಚೆ ತಿರುಗಿ ಕೂತರು. ಇಂಥದ್ದಕ್ಕೆ ತಿರುಗಿ ಕೂರುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ.

ಮನೆಯ ನಡುಗಂಬಕ್ಕೆ ತೂಗುಹಾಕಿದ್ದ ಕೇಪಿನ ಕೋವಿ ನಟರಾಜನ ಅಪ್ಪ ಮಾದಯ್ಯನದು. ಹಂದಿ ಜೋಳಕ್ಕೆ ನುಗ್ಗುವ ಕಾಲದಲ್ಲಿ ಮಾದಯ್ಯ ಅದಕ್ಕೆ ಮದ್ದು ಮತ್ತು ಸೀಸದ ಚರೆ ತುಂಬಿಯೇ ಇಡುತ್ತಿದ್ದ. ಬಡಿಯುವ ಕುದುರೆಯ ಕೆಳಗೆ ಸಿಕ್ಕಿಸುವ, ಮದ್ದಿಗೆ ಕಿಡಿ ಕೊಡುವ ಕೇಪನ್ನು ಮಾತ್ರ ಸೊಂಟದ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದ. ಕೇಪಿಲ್ಲದಿದ್ದರೆ ಕೋವಿ ಹಾರುವುದಿಲ್ಲ, ಆದ್ದರಿಂದ ಕೋವಿಗಿಂತ ಚೀಲವನ್ನು ಹೆಚ್ಚು ಕಾಯುತ್ತಿದ್ದ. ಹಂದಿಯನ್ನು ಕೊಲ್ಲುವ ಹಾಗಿಲ್ಲ, ಹೆದರಿಸಬಹುದು ಎಂದು ಅವನಿಗೆ ಹೇಳಿದ್ದರು. ಹಂದಿಗಳಿಗೂ ಯಾರೋ ಅದನ್ನು ಹೇಳಿದ್ದರೆಂದು ಕಾಣುತ್ತದೆ, ಅವು ಹೆದರುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಆಯುಧಪೂಜೆಯ ದಿನ ಆ ಮನೆಯಲ್ಲಿ ಒಂದು ಪದ್ಧತಿ. ಕುಡುಗೋಲು, ಗುದ್ದಲಿ, ಮಚ್ಚಿನ ಜೊತೆ ಕೋವಿಯನ್ನೂ ಮಲಗಿಸಿ, ಹೊಲದ ಮಣ್ಣನ್ನು ಹಸುವಿನ ಹಾಲಿನಲ್ಲಿ ಕಲಸಿ ಉಂಡೆ ಮಾಡಿ ನಳಿಗೆಯ ಬಾಯಿಗೆ ಒತ್ತುತ್ತಿದ್ದರು. ಬೆಳೆ ಕಾಯುವ ಕೋವಿ ವರ್ಷಕ್ಕೊಂದು ಸಲ ಹೊಲದ ಮಣ್ಣು ಉಣ್ಣಬೇಕು, ಆ ದಿನ ಯಾವ ಜೀವಕ್ಕೂ ಬಾಯಿ ಹಾಕಬಾರದು. ಮಾರನೆಯ ದಿನ ಬೆಳಿಗ್ಗೆ, ಬನ್ನಿ ಮುಡಿಯುವ ಮೊದಲು, ಮಾದಯ್ಯ ಆ ಮಣ್ಣನ್ನು ಚೂರೂ ಬಿಡದೆ ಕೆರೆದು ತೆಗೆದು, ನಳಿಗೆಯ ಬಾಯಿಗೆ ಅರಿಶಿನ ಹಚ್ಚಿ, ಮಣ್ಣನ್ನು ಹೊಲಕ್ಕೆ ಎರಚಿ ಬರುತ್ತಿದ್ದ. ಒಂದು ವರ್ಷವೂ ತಪ್ಪಿಸಿದವನಲ್ಲ.

ಈ ಸಲ ಪೂಜೆಯ ಹೊತ್ತಿಗೆ ನಟರಾಜ ಮನೆಯಲ್ಲಿರಲಿಲ್ಲ, ಕೊಣನೂರಿನಲ್ಲಿ ಕುಡಿಯುತ್ತ ಕೂತಿದ್ದ. ಮಾದಯ್ಯನೇ ಮಣ್ಣು ಉಣ್ಣಿಸಿದ. ಅಂದೇ ಅವನಿಗೆ ಚಳಿಜ್ವರ ಹಿಡಿಯಿತು. ಬೆಳಿಗ್ಗೆ ಕಂಬಳಿ ಹೊದ್ದು ಜಗಲಿಯಲ್ಲಿ ಕೂತವನು ಸೊಸೆಯನ್ನು ಕರೆದ.

"ಮಗಾ, ಕೋವಿ ಮಣ್ಣು ನೀನೇ ತೆಗ್ದುಬುಡು. ನನ್ ಕೈ ನಡುಗ್ತಾವೆ. ಒಂಚೂರೂ ಉಳೀಬಾರ್ದು ನೋಡು, ಉಳುದ್ರೆ ಒಳ್ಳೇದಲ್ಲ."

ಯಾಕೆ ಒಳ್ಳೆಯದಲ್ಲ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮನೆಯಲ್ಲಿ ಒಳ್ಳೆಯದಲ್ಲದ್ದು ಎಷ್ಟೋ ಇರುತ್ತವೆ. ಸಂಜೆ ಕಸ ಗುಡಿಸುವುದು ಒಳ್ಳೆಯದಲ್ಲ, ಹೊಸಿಲ ಮೇಲೆ ಕೂರುವುದು ಒಳ್ಳೆಯದಲ್ಲ. ಇದೂ ಅಂಥದ್ದೇ ಒಂದು ಎಂದುಕೊಂಡಳು.

ಹಿತ್ತಲಿನಲ್ಲಿ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಮದ್ದು ದಟ್ಟಿಸುವ ಕಬ್ಬಿಣದ ಕಡ್ಡಿ ಹಿಡಿದು ಕೂತಾಗ ಅವಳಿಗೆ ಬೇರೆ ಯೋಚನೆ ಬಂತು. ಇವತ್ತೇ ಬನ್ನಿ. ಗಂಡ ಗಡುವು ಇಟ್ಟ ದಿನ ಇದೇ. ಅಂಗಡಿಯವನು ಪಿಸ್ತೂಲು ಕೊಡಲಿಲ್ಲ, ಜೋಡಿ ನಳಿಗೆ ಕೊಡಲಿಲ್ಲ, ಏರ್‌ಗನ್ನೂ ಕೊಡಲಿಲ್ಲ. ಉಳಿದಿರುವುದು ತನ್ನ ತೊಡೆಯ ಮೇಲಿರುವ ಇದೊಂದೇ. ಒಲೆ ಊದುವ ಕೊಳವೆಯಲ್ಲಿ ಬೂದಿ ಕಟ್ಟಿಕೊಂಡರೆ ಕೆನ್ನೆ ಒಡೆಯುವ ಹಾಗೆ ಊದಿದರೂ ಗಾಳಿ ಆಚೆಗೆ ಬರುವುದಿಲ್ಲ. ಕೋವಿಯೂ ಒಂದು ಕೊಳವೆ ತಾನೆ? ಮಣ್ಣು ಇದ್ದಲ್ಲೇ ಇದ್ದರೆ ಕೋವಿ ಠುಸ್ ಎನ್ನುತ್ತದೆ, ಅವನು ನಾಲ್ಕು ಜನರ ಮುಂದೆ ಇನ್ನೊಮ್ಮೆ ನಗೆಪಾಟಲಾಗುತ್ತಾನೆ, ಮನೆಗೆ ಬಂದು ತನಗೆ ಹೊಡೆಯುತ್ತಾನೆ. ಅದು ದಿನದ್ದೇ.

ಅವಳು ಮಣ್ಣು ತೆಗೆಯಲಿಲ್ಲ. ಕಡ್ಡಿಯಿಂದ ಅದನ್ನು ಗೇಣುದ್ದಕ್ಕೂ ಹೆಚ್ಚು ಒಳಕ್ಕೆ ತಳ್ಳಿ, ಹಿತ್ತಲ ಮಣ್ಣು ಇನ್ನೊಂದು ಹಿಡಿ ನೆನೆಸಿ ತುಂಬಿ, ಬಿಗಿಯಾಗಿ ದಟ್ಟಿಸಿದಳು. ನಳಿಗೆಯ ಬಾಯನ್ನು ಸೆರಗಿನಿಂದ ಒರೆಸಿ ಅರಿಶಿನ ಹಚ್ಚಿದಳು. ಕೋವಿಯನ್ನು ಕಂಬಕ್ಕೆ ತೂಗುಹಾಕಿ, "ತೆಗ್ದೆ ಮಾವ," ಎಂದಳು. ತುಂಬ ದಿನದ ಮೇಲೆ ಅವಳ ಮನಸ್ಸು ಹಗುರವಾಗಿತ್ತು. ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು.

ಮಧ್ಯಾಹ್ನ ನಟರಾಜ ಬಂದ. ಬರುವ ದಾರಿಯಲ್ಲಿ ಡೈರಿಯ ಮುಂದೆ ಯಾರೋ, "ಒಬ್ಬಟ್ಟು ಕಡಿಯಾಕಾಗ್ತದೇನಪ್ಪಾ?" ಎಂದಿದ್ದರು. ರುದ್ರೇಶ ಬೇಲಿಗೆ ಗೂಟ ಕಡಿಯುತ್ತಿದ್ದಾನೆ ಎಂದೂ ಅವರೇ ಹೇಳಿದ್ದರು. ಬಂದವನು ನೇರವಾಗಿ ಕಂಬಕ್ಕೆ ಕೈ ಹಾಕಿದ. ಮಾದಯ್ಯ ಕಂಬಳಿ ಬಿಸಾಡಿ ಬಂದು ಮಗನ ಸೊಂಟ ತಬ್ಬಿಕೊಂಡ.

"ಬ್ಯಾಡ ಕಣ್ಲಾ! ಅಂದಿ ಕಾಯೋ ಕೋವಿ ಕಣ್ಲಾ ಅದು! ಅಣ್ಣತಮ್ಮದೀರ ಮ್ಯಾಲೆ ಇಡಿಯೋದಲ್ಲ!"

ನಟರಾಜ ಮೊಣಕೈಯಿಂದ ಅಪ್ಪನ ಮುಖಕ್ಕೆ ತಿವಿದ. ಮುದುಕ ಬಿಡಲಿಲ್ಲ. ನಟರಾಜ ಅವನನ್ನು ಕೆಳಗೆ ಕೆಡವಿ ಎದೆಗೆ ಒದ್ದ. ಒಣಕಡ್ಡಿ ಮುರಿದಂಥ ಸದ್ದು ಅಡುಗೆಮನೆಯ ತನಕ ಕೇಳಿಸಿತು. ಮುದುಕನ ಸೊಂಟದ ಚೀಲ ಕಿತ್ತು ನೆಲಕ್ಕೆ ಸುರುವಿ, ಎಲೆ ಅಡಿಕೆಗಳ ನಡುವಿನಿಂದ ಒಂದು ಕೇಪು ಹೆಕ್ಕಿ ಕೋವಿಗೆ ಸಿಕ್ಕಿಸಿದ. ಕೋವಿಯ ಚೆಂಡುಹೂವಿನ ಹಾರವನ್ನು ಹರಿದೆಸೆದ. ಮಣ್ಣಿನ ಯೋಚನೆ ಅವನಿಗೆ ಬರಲೇ ಇಲ್ಲ. ಬನ್ನಿಯ ದಿನ ಬೆಳಿಗ್ಗೆಯೇ ಅಪ್ಪ ಅದನ್ನು ತೆಗೆದಿರುತ್ತಾನೆ ಎಂಬುದು ಹುಟ್ಟಿದಾಗಿನಿಂದ ಕಂಡದ್ದು, ಬಾಯಿಗೆ ಹಚ್ಚಿದ ಅರಿಶಿನವೂ ಕಂಡಿತ್ತು.

ಅಡ್ಡ ಬಂದ ನೇತ್ರಾಳ ಹೆಗಲಿಗೆ ಕೋವಿಯ ಹಿಡಿಯಿಂದ ಹೊಡೆದು ಅವನು ಆಚೆ ನಡೆದ. ಅವಳು ಗೋಡೆಗೆ ಬಿದ್ದು ಎದ್ದಳು. ಮಾವನನ್ನು ಒರಗಿಸಿ ಕೂರಿಸಿ ಗಂಡನ ಹಿಂದೆ ಓಡಿದಳು. ಕೋವಿ ಹಾರುವುದಿಲ್ಲ ಎಂಬ ಧೈರ್ಯ ಇತ್ತು. ಅದು ಠುಸ್ ಎಂದ ಮೇಲೆ ಕೈಹಿಡಿದು ಮನೆಗೆ ಕರೆತರುವುದಷ್ಟೇ ಉಳಿದ ಕೆಲಸ ಎಂದುಕೊಂಡಿದ್ದಳು.

ಹೊಲದ ಅಂಚಿಗೆ ಬಂದಾಗ ರುದ್ರೇಶನ ಕೈಯ ಮಚ್ಚು ಕಂಡಿತು. ಗೂಟ ಕಡಿಯುವ ಮಚ್ಚು, ನಿನ್ನೆ ತಾನೇ ಪೂಜೆಗೆಂದು ಸಾಣೆ ಹಿಡಿದದ್ದು. ಹಾರದ ಕೋವಿ ಹಿಡಿದವನನ್ನು ಮಚ್ಚು ಹಿಡಿದವನ ಮುಂದೆ ಕಳಿಸಿದ್ದೇನೆ ಎಂದು ಆಗ ನೇತ್ರಾಳಿಗೆ ಹೊಳೆಯಿತು. ಗಂಡ ಕೊಲೆ ಮಾಡದಿರಲಿ ಎಂದು ಬೇಡಿದಳೇ ಹೊರತು ಕೊಲೆಯಾಗದಿರಲಿ ಎಂದು ಬೇಡಿಕೊಂಡಿರಲಿಲ್ಲ.

"ಲೇ ರುದ್ರ!" ನಟರಾಜ ಕೋವಿಯನ್ನು ಬಲಹೆಗಲಿಗೆ ಏರಿಸಿ, ಎಡಗೈಯಲ್ಲಿ ನಳಿಗೆ ಹಿಡಿದು ನಿಂತ. ರುದ್ರೇಶ ಗೂಟ ಬಿಟ್ಟು ಹಿಂದೆ ಸರಿದ. ಮುಖ ಬಿಳಿಚಿಕೊಂಡಿತ್ತು. ಇನ್ನೆರಡು ಹೆಜ್ಜೆಗೆ ಅವನು ಜೋಳದೊಳಗೆ ಓಡಿಬಿಡುತ್ತಿದ್ದ.

ನೇತ್ರಾ ಕೂಗಿದಳು. "ಹೊಡೀಬ್ಯಾಡಿ! ನಳಿಗೇಲಿ ಮಣ್ಣೈತೆ! ನಾನೇ ತುಂಬಿವ್ನಿ! ಅದು ಆರಲ್ಲ, ಬುಟ್ಟು ಓಡ್ಬನ್ನಿ!"

ಕೂಗಿದ್ದು ಗಂಡನಿಗೆ. ಕೇಳಿಸಿದ್ದು ಇಬ್ಬರಿಗೂ. ಓಡಲಿದ್ದ ರುದ್ರೇಶ ನಿಂತ. ಅವನ ಮುಖಕ್ಕೆ ಬಣ್ಣ ಬಂತು, ಬಾಯಿಗೆ ನಗು ಬಂತು. "ಮಣ್ಣು ತುಂಬಿರೋ ಕೊಳಪೆ ತಕಬಂದು ನನ್ನೇ ಎದರಿಸ್ತೀಯೇನ್ಲಾ ಬೊಚ್ಚುಬಾಯೋನೇ?" ಎಂದು ಮಚ್ಚನ್ನು ಎತ್ತಿಕೊಂಡು ದಾಪುಗಾಲು ಹಾಕುತ್ತ ಬಂದ.

"ಸುಳ್ಳು ಬೊಗಳ್ತಾವ್ಳೆ," ಎಂದ ನಟರಾಜ. ಹೆಂಡತಿಯ ಮಾತನ್ನು ಅವನು ಎಂದು ನಂಬಿದ್ದ? ಎದುರಿಗೆ ಮಚ್ಚು ಬರುತ್ತಿತ್ತು. ಟ್ರಿಗರ್ ಒತ್ತಿದ.

ಕೋವಿ ಠುಸ್ ಎನ್ನಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಸಿಡಿಯಿತು. ಮುಂದಕ್ಕೆ ಹೋಗಲು ದಾರಿಯಿಲ್ಲದ ಬೆಂಕಿ ಅವನು ಎಡಗೈಯಲ್ಲಿ ಹಿಡಿದಿದ್ದ ಜಾಗದಲ್ಲೇ ನಳಿಗೆಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸೀಳಿತ್ತು. ಹೊಗೆ ಸರಿದಾಗ ನಟರಾಜ ಇನ್ನೂ ನಿಂತೇ ಇದ್ದ. ಎಡಗೈ ಮಣಿಕಟ್ಟಿನಿಂದಾಚೆಗೆ ಇರಲಿಲ್ಲ, ಅಲ್ಲಿಂದ ರಕ್ತ ಚಿಮ್ಮುತ್ತಿತ್ತು. ಎಡಗಣ್ಣಿದ್ದಲ್ಲಿ ಕೆಂಪು ಗುಳಿ. ಎರಡು ಬೆರಳು ಜೋಳದ ಗರಿಯ ಮೇಲೆ ಬಿದ್ದಿದ್ದವು. ಅವನು ಬೆರಳನ್ನು ನೋಡಿದ, ಕೈಯನ್ನು ನೋಡಿದ, ಆಮೇಲೆ ಕೂಗಿ ಬಿದ್ದ.

ಕಬ್ಬಿಣದ ಚೂರೊಂದು ರುದ್ರೇಶನ ಹೆಗಲಿಗೂ ಹೊಕ್ಕಿತ್ತು. ಅವನ ಮಚ್ಚು ಕೈಯಿಂದ ಜಾರಿತು. ದಾಯಾದಿಯ ರಕ್ತ ತನ್ನ ಶುಂಠಿಯ ಮಣ್ಣಿಗೆ ಇಂಗುವುದನ್ನು ಕಂಡು ಅವನ ಬಾಯಿಂದ, "ಅಯ್ಯೋ ನಮ್ಮಪ್ಪಾ," ಎಂಬ ಮಾತು ಬಂತು. ತಲೆಯ ಟವೆಲ್ಲು ಬಿಚ್ಚಿ ನಟರಾಜನ ಮೊಣಕೈ ಕೆಳಗೆ ಬಿಗಿದು ಕಟ್ಟಿದ. "ಇಡ್ಕೊ ನೇತ್ರಾ, ಬಿಗಿಯಾಗಿ ಇಡ್ಕೊ, ಬುಡಬ್ಯಾಡ!" ಎಂದು ಟ್ರ್ಯಾಕ್ಟರಿಗೆ ಓಡಿದ. ರಸ್ತೆಗೆ ಹತ್ತಿರದ ದಾರಿ ಅವನೇ ಮುಚ್ಚಿದ್ದು. ಇಳಿದು ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ. ಬೇಲಿಯನ್ನು ಮುರಿದುಕೊಂಡು, ಶುಂಠಿಯ ಸಾಲುಗಳನ್ನು ತುಳಿದುಕೊಂಡು, ಗಾಯಗೊಂಡವನನ್ನೂ ನೇತ್ರಾಳನ್ನೂ ಹೊತ್ತು ಟ್ರ್ಯಾಕ್ಟರ್ ಹೋಯಿತು.

ಹಾಸನದ ಆಸ್ಪತ್ರೆಯಲ್ಲಿ ನಟರಾಜನ ಜೀವ ಉಳಿಯಿತು. ಎಡಗೈಯನ್ನು ಮೊಣಕೈವರೆಗೂ ತೆಗೆದರು. ಬಲಗೈ ಸುಟ್ಟು ಬ್ಯಾಂಡೇಜಿನಲ್ಲಿತ್ತು. ಮುರಿದ ಪಕ್ಕೆಲುಬಿನ ಮಾದಯ್ಯ ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿದ್ದ. ನೇತ್ರಾ ಅವನ ಬಳಿ ಹೋಗಿ ಎಲ್ಲವನ್ನೂ ಹೇಳಿದಳು.

"ಮಣ್ಣಿದ್ರೆ ನಳಿಗೆ ಒಡೀತದೆ ಮಗಾ," ಎಂದ ಮುದುಕ. "ಒಳ್ಳೇದಲ್ಲ ಅಂದ್ನೇ ಒರ್ತು ಯಾಕೆ ಅಂತ ನಾನು ಯೋಳ್ನಿಲ್ಲ. ನಂಗೂ ನಮ್ಮಪ್ಪ ಯೋಳಿರ್ನಿಲ್ಲ, ಒಂದ್ಸಲ ಬೇರೆಯೋನ ಕೋವಿ ಒಡೆದಿದ್ದ ಕಂಡು ತಿಳ್ಕಂಡೆ. ನೀನ್ ಬಾಯ್ ಬುಡಬ್ಯಾಡ."

ಪೊಲೀಸರು ಬಂದಾಗ ಅವನು ತಾನೇ ಮಣ್ಣು ತೆಗೆಯಲು ಮರೆತೆ ಎಂದ. ಲೈಸನ್ಸ್ ತನ್ನದು, ಕೋವಿ ತನ್ನದು, ಮಗನ ಕೈಗೆ ಸಿಗುವ ಹಾಗೆ ಇಟ್ಟದ್ದೂ ತಾನೇ ಎಂದ. ಸಾಹೇಬರು ಬರೆದುಕೊಂಡರು. ಮುದುಕನ ಮೇಲೆ ಕೇಸಾಗುತ್ತದೆ ಎಂದು ಹೇಳಿ, ನಟರಾಜನ ಮಂಚದ ಹತ್ತಿರ ಬಂದರು. ನೇತ್ರಾ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದಳು. ಅವರು ಅವಳನ್ನು ಏನೂ ಕೇಳಲಿಲ್ಲ. ಅವಳೇ ಎದ್ದು ನಿಂತಳು.

"ಮಾವಂದೇನೂ ತಪ್ಪಿಲ್ಲ ಸಾ. ಮಣ್ಣು ತುಂಬಿದ್ದು ನಾನು. ಬೇಕು ಅಂತ್ಲೇ ತುಂಬಿದ್ದು. ಕೋವಿ ಆರದೇ ಇರ್ಲಿ ಅಂತ."

ಸಾಹೇಬರು ಅವಳ ಕೆನ್ನೆಯ ಕಪ್ಪು ಕಲೆಯನ್ನು, ಕೈಯ ತಟ್ಟೆಯನ್ನು ನೋಡಿದರು. "ಮಾವನ್ನ ಉಳಿಸಿಕೊಳ್ಳೋಕೆ ಹೇಳ್ತಿದ್ದೀಯ ಅಂತ ಗೊತ್ತಾಗುತ್ತಮ್ಮ. ಕೋವಿ ವಿಷಯ ನಿನಗೇನು ಗೊತ್ತು? ಊಟ ಮಾಡಿಸು," ಎಂದು ಟೋಪಿ ಹಾಕಿಕೊಂಡು ಹೊರಟರು. ಅವಳ ಮಾತನ್ನು ಬರೆದುಕೊಳ್ಳಲಿಲ್ಲ.

ನಟರಾಜ ಬರೆದುಕೊಂಡ ಹಾಗೆ ಕೇಳಿಸಿಕೊಂಡಿದ್ದ. ಉಳಿದ ಒಂದು ಕಣ್ಣು ಅವಳ ಮೇಲೆ ನೆಟ್ಟಿತ್ತು.

"ನಿಜಾನಾ?" ಎಂದ.

"ನಿಜ," ಎಂದಳು ನೇತ್ರಾ. "ಅವತ್ತೂ ನಿಜಾನೇ ಕೂಗಿದ್ದು."

ಅವನ ಕುತ್ತಿಗೆಯ ನರ ಉಬ್ಬಿತು. ಎಡಗೈ ಮೇಲೆದ್ದಿತು. ಅವಳು ಅಭ್ಯಾಸದಂತೆ ಕಣ್ಣು ಮುಚ್ಚಿ ಬಲಗೆನ್ನೆಯನ್ನು ಆಚೆ ತಿರುಗಿಸಿದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಬಿಳಿ ಬಟ್ಟೆ ಸುತ್ತಿದ ಮೋಟು ಮೊಣಕೈ ಗಾಳಿಯಲ್ಲಿ ನಿಂತಿತ್ತು. ಮುಂದೆ ಏನೂ ಇಲ್ಲವೆಂಬುದು ಅವನಿಗೂ ಆಗಲೇ ನೆನಪಾದಂತಿತ್ತು. ಅವನು ಮೊದಲ ಸಲ ಅವಳೆದುರು ಅತ್ತ. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹೆದರಿಕೆಯೂ ಎಲ್ಲೂ ಇರಲಿಲ್ಲ, ಅದು ಅವಳಿಗೇ ವಿಚಿತ್ರವೆನಿಸಿತು.

ಅವಳು ಮಂಚದ ಅಂಚಿಗೆ ಕೂತು ತುತ್ತು ಕಟ್ಟಿದಳು.

"ಬಾಯಿ ತೆಗೀರಿ," ಎಂದಳು.